ಗೋಡೆ ಎಲ್ಲಿ ನಿಲ್ಲಬೇಕು

ಮೂವತ್ತು ನಲವತ್ತರ ಸೈಟಿಗೆ ಆಯ ಕೂಡಿಬರುವುದಿಲ್ಲ. ಹಾಸನದ ಹೊಸ ಬಡಾವಣೆಗಳಲ್ಲಿ ಮನೆ ಕಟ್ಟಲು ಹೊರಟ ಅನೇಕರು ಜೋಯಿಸರಿಂದ ಈ ಮಾತು ಕೇಳಿರುತ್ತಾರೆ, ಲೆಕ್ಕದ ಪ್ರಕಾರ ಅದು ಸರಿಯಾದ ಮಾತೇ. ಉದ್ದವನ್ನು ಅಗಲದಿಂದ ಗುಣಿಸಿ, ಬಂದದ್ದನ್ನು ಎಂಟರಿಂದ ಭಾಗಿಸಿ, ಶೇಷ ನೋಡಬೇಕು. ಒಂದು ಉಳಿದರೆ ಧ್ವಜಾಯ, ಎರಡಾದರೆ ಧೂಮ, ಮೂರಾದರೆ ಸಿಂಹ, ನಾಲ್ಕು ಶ್ವಾನ, ಐದು ವೃಷಭ, ಆರು ಖರ, ಏಳು ಗಜ. ಏನೂ ಉಳಿಯದಿದ್ದರೆ ಕಾಕ. ಬೆಸ ಉಳಿದರೆ ಶುಭ, ಸಮ ಉಳಿದರೆ ಅಶುಭ. 30ನ್ನು 40ರಿಂದ ಗುಣಿಸಿದರೆ 1200. ಎಂಟರಿಂದ ಭಾಗಿಸಿದರೆ ಸೊನ್ನೆ, ಕಾಕಾಯ. 20×30, 40×60ಕ್ಕೂ ಅದೇ ಗತಿ. 30×50ಕ್ಕೆ ನಾಲ್ಕು ಉಳಿದು ಶ್ವಾನಾಯ ಬರುತ್ತದೆ. ಕೆಲವರು ಮೊದಲು ಒಂಬತ್ತರಿಂದ ಗುಣಿಸಿ ಆಮೇಲೆ ಎಂಟರಿಂದ ಭಾಗಿಸುತ್ತಾರೆ. ಒಂಬತ್ತು ಎಂಟಕ್ಕಿಂತ ಒಂದೇ ಹೆಚ್ಚಾದ್ದರಿಂದ ಶೇಷವೇನೂ ಬದಲಾಗುವುದಿಲ್ಲ.

ಈ ಲೆಕ್ಕವನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದರೆ ಒಂದು ಸಂಗತಿ ಹೊಳೆಯುತ್ತದೆ. ಶೇಷ ಬೆಸ ಬರಬೇಕಾದರೆ ಗುಣಲಬ್ಧ ಬೆಸವಾಗಿರಬೇಕು. ಗುಣಲಬ್ಧ ಬೆಸವಾಗಬೇಕಾದರೆ ಉದ್ದವೂ ಬೆಸ, ಅಗಲವೂ ಬೆಸ ಆಗಿರಬೇಕು. ಬಡಾವಣೆಯವರು ಸೈಟು ಅಳೆಯುವುದು ಇಪ್ಪತ್ತು, ಮೂವತ್ತು, ನಲವತ್ತು ಎಂದು ಸಮ ಅಡಿಗಳಲ್ಲಿ. ಹಾಗಾಗಿ ಸೈಟು ಪೂರ್ತಿ ತುಂಬಿಸಿ ಕಟ್ಟಿದ ಮನೆಗೆ ಒಳ್ಳೆಯ ಆಯ ಬರುವ ದಾರಿಯೇ ಇಲ್ಲ. ಎಲ್ಲೋ ಒಂದಿಷ್ಟು ಬಿಡಲೇಬೇಕು. ಅಗಲದಲ್ಲಿ ಐದಡಿ, ಉದ್ದದಲ್ಲಿ ಏಳಡಿ ಬಿಟ್ಟು 25×33 ಮಾಡಿಕೊಂಡರೆ 825, ಶೇಷ ಒಂದು, ಧ್ವಜಾಯ. ಅಗಲದಲ್ಲೊಂದು ಅಡಿ, ಉದ್ದದಲ್ಲೊಂದು ಅಡಿ ಮಾತ್ರ ಬಿಟ್ಟು 29×39 ಮಾಡಿಕೊಂಡರೂ 1131, ಶೇಷ ಮೂರು, ಸಿಂಹಾಯ. ಶಾಸ್ತ್ರ ಎರಡನ್ನೂ ಒಪ್ಪುತ್ತದೆ. ಜನ ಆರಿಸಿಕೊಳ್ಳುವುದು ಸಾಮಾನ್ಯವಾಗಿ ಎರಡನೆಯದನ್ನು.

ಮನೆ ಕಟ್ಟುವುದರಲ್ಲಿ ಧರ್ಮದ ಪ್ರಶ್ನೆ ಅಂತ ಒಂದಿದ್ದರೆ ಅದು ಈ ಆಯ್ಕೆಯಲ್ಲಿದೆ. ಅಡುಗೆಮನೆ ಆಗ್ನೇಯಕ್ಕಿರಬೇಕೋ, ಸಂಪು ಈಶಾನ್ಯಕ್ಕೋ ಎಂಬುದಕ್ಕಿಂತ ದೊಡ್ಡ ಪ್ರಶ್ನೆ ಇದು: ತನ್ನ ದುಡ್ಡು, ತನ್ನ ಸೈಟು, ತನ್ನ ಹೆಸರಿನ ಖಾತೆ ಎಲ್ಲ ಇದ್ದೂ ಒಬ್ಬ ಮನುಷ್ಯ ತನ್ನ ಗೋಡೆಯನ್ನು ಎಲ್ಲಿ ನಿಲ್ಲಿಸಬೇಕು?

ಮಾರ್ಕಿಂಗ್ ದಿನ ಈ ಪ್ರಶ್ನೆ ಕಣ್ಣಿಗೇ ಕಾಣುತ್ತದೆ. ನಾಲ್ಕು ಮೂಲೆಗೆ ಗೂಟ, ನಡುವೆ ದಾರ, ದಾರದ ಗುಂಟ ಸುಣ್ಣದ ಪುಡಿ. ಎಂಜಿನಿಯರ ಕೈಯಲ್ಲಿ ನಕ್ಷೆ, ಮೇಸ್ತ್ರಿ ಕೈಯಲ್ಲಿ ಟೇಪು, ಮನೆಯೊಡೆಯರ ಜೇಬಿನಲ್ಲಿ ಜೋಯಿಸರು ಬರೆದುಕೊಟ್ಟ ಅಳತೆಯ ಚೀಟಿ. ಲೈಸೆನ್ಸಿಗೆ ಕೊಟ್ಟ ನಕ್ಷೆಯಲ್ಲಿ ಸುತ್ತ ಸೆಟ್‌ಬ್ಯಾಕ್ ಬಿಟ್ಟಿರುತ್ತದೆ. ಆದರೂ ಎಷ್ಟೋ ಕಡೆ, ‘ಅದು ಆಫೀಸಿಗೆ ಸಾರ್, ನೀವು ಹೊರಕ್ಕೆ ಎಳೀರಿ’ ಎಂಬ ಮಾತಿನೊಂದಿಗೆ ದಾರ ಗಡಿಯ ಕಲ್ಲಿನವರೆಗೆ ಸರಿಯುತ್ತದೆ. ಅರ್ಧ ಅಂಗುಲ ಹೆಚ್ಚಾದರೆ ಆಯ ಕೆಟ್ಟೀತು ಎಂದು ಎರಡು ಸಲ ಅಳೆಸುವ ಅದೇ ಜನ, ಪಕ್ಕದವರ ಕಿಟಕಿಗೆ ಬರಬೇಕಾದ ಮೂರಡಿ ಗಾಳಿಯ ವಿಷಯಕ್ಕೆ ಟೇಪು ಹಿಡಿಯುವುದಿಲ್ಲ. ಇದನ್ನು ಬರೀ ಕಾನೂನಿನ ಉಲ್ಲಂಘನೆ ಎಂದು ಬಿಟ್ಟುಬಿಡಲಾಗದು. ಪೂಜೆ ಮಾಡುವ ಮನಸ್ಸು ಮತ್ತು ಗೋಡೆ ಎಳೆಯುವ ಮನಸ್ಸು ಒಂದೇ ಬೆಳಿಗ್ಗೆ, ಒಂದೇ ಜಾಗದಲ್ಲಿ, ಒಂದಕ್ಕೊಂದು ಗುರುತೇ ಇಲ್ಲದಂತೆ ನಿಂತಿರುತ್ತವೆ.

ಶಾಸ್ತ್ರವನ್ನು ಪೂರ್ತಿ ಹೊಗಳುವುದೂ ಸಾಧ್ಯವಿಲ್ಲ. ಆರನೇ ಶತಮಾನದ ವರಾಹಮಿಹಿರನ ‘ಬೃಹತ್ಸಂಹಿತೆ’ಯ ವಾಸ್ತು ಅಧ್ಯಾಯದಲ್ಲಿ ವಾಸ್ತುಪುರುಷನ ಕಥೆಯಿದೆ. ಭೂಮಿ ಆಕಾಶಗಳನ್ನು ಮುಚ್ಚಿಕೊಂಡು ಬೆಳೆದ ಒಂದು ಭೂತವನ್ನು ದೇವತೆಗಳು ಕೆಳಮುಖ ಮಾಡಿ ಅದುಮಿ ಹಿಡಿದರು; ಯಾರು ಯಾವ ಅಂಗ ಹಿಡಿದರೋ ಆ ಜಾಗಕ್ಕೆ ಅವರೇ ಅಧಿದೇವತೆಯಾದರು. ಎಂಬತ್ತೊಂದು ಮನೆಗಳ ಮಂಡಲದಲ್ಲಿ ನಲವತ್ತೈದು ದೇವತೆಗಳು. ಎಲ್ಲವನ್ನೂ ಮುಚ್ಚಿಕೊಂಡು ಬೆಳೆಯುವುದನ್ನು ಅದುಮಿ ಹಿಡಿದ ಮೇಲೆಯೇ ಮನೆ ಎಂಬ ಈ ಕಲ್ಪನೆ ನಿಜಕ್ಕೂ ಆಳವಾದದ್ದು. ಆದರೆ ಅದೇ ಅಧ್ಯಾಯ ಯಾರ ಮನೆ ಎಷ್ಟು ಅಗಲ ಇರಬಹುದು ಎಂದೂ ಹೇಳುತ್ತದೆ: ರಾಜನಿಗೆ 108 ಮೊಳ, ಬ್ರಾಹ್ಮಣನಿಗೆ 32, ಅಲ್ಲಿಂದ ವರ್ಣಕ್ಕೆ ನಾಲ್ಕು ನಾಲ್ಕು ಮೊಳ ಇಳಿಯುತ್ತಾ ಕೊನೆಗೆ 16. ಊರಿನ ಯಾವ ದಿಕ್ಕಿನಲ್ಲಿ ಯಾರಿರಬೇಕು ಎಂಬುದಕ್ಕೂ ವರ್ಣದ ಹಂಚಿಕೆ. ಊರು ಬೇರೆ, ಕೇರಿ ಬೇರೆ ಎಂಬ ವ್ಯವಸ್ಥೆಯನ್ನು ಕಣ್ಣಾರೆ ಕಂಡ ನಾಡಿನಲ್ಲಿ ಈ ಭಾಗವನ್ನು ಓದಿಯೂ ಓದದಂತೆ ಇರುವುದು ಪ್ರಾಮಾಣಿಕತೆಯಲ್ಲ. ಅದುಮಿ ಹಿಡಿಯಬೇಕಾದದ್ದು ಕಟ್ಟುವವನ ಆಸೆಯನ್ನು. ಇಲ್ಲಿ ಅದುಮಿಟ್ಟದ್ದು ಇನ್ನೊಬ್ಬರನ್ನು.

ನೆರೆಯವರ ವಿಷಯಕ್ಕೆ ಬಂದರೆ ‘ಅರ್ಥಶಾಸ್ತ್ರ’ ಹೆಚ್ಚು ನೇರ. ಶತಮಾನಗಳ ಕಾಲ ಕಣ್ಮರೆಯಾಗಿದ್ದ ಈ ಗ್ರಂಥದ ಓಲೆಪ್ರತಿ 1905ರಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಸಿಕ್ಕಿದ್ದು ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ. 1909ರಲ್ಲಿ ಅದು ಅಚ್ಚಾಯಿತು. ಅದರ ಮೂರನೇ ಅಧಿಕರಣದಲ್ಲಿ ಮನೆ ಕಟ್ಟುವ ನಿಯಮಗಳೇ ಒಂದು ಪ್ರಕರಣ. ಬಚ್ಚಲ ನೀರಿನ ಕಾಲುವೆ ಪಕ್ಕದವರ ಗೋಡೆಯಿಂದ ಮೂರು ಪಾದ ದೂರದಲ್ಲಿ, ಸರಾಗ ಹರಿಯುವ ಇಳಿಜಾರಿನಲ್ಲಿರಬೇಕು. ತಪ್ಪಿದರೆ 54 ಪಣ ದಂಡ. ಬೆಳಕಿನ ಕಿಂಡಿ ಎತ್ತರದಲ್ಲಿರಬೇಕು. ಅಕ್ಕಪಕ್ಕದವರು ಕೂತು ಮಾತಾಡಿ ಒಪ್ಪಿಕೊಂಡರೆ ತಮಗೆ ಅನುಕೂಲವಾದಂತೆ ಕಟ್ಟಿಕೊಳ್ಳಬಹುದು, ಆದರೆ ಒಬ್ಬರಿಂದ ಒಬ್ಬರಿಗೆ ತೊಂದರೆಯಾಗುವುದನ್ನು ತಪ್ಪಿಸಬೇಕು. ಇಲ್ಲಿ ದೇವತೆಗಳಿಲ್ಲ, ಗೋಡೆಯಾಚೆ ಬದುಕುವ ಮನುಷ್ಯ ಇದ್ದಾನೆ.

ಇವತ್ತಿನ ನಿಯಮಗಳು ಈ ದಾರಿಯವೇ. ಪಟ್ಟಣದೊಳಗೆ 1964ರ ಪುರಸಭೆಗಳ ಕಾಯ್ದೆ, ಹಳ್ಳಿಯಲ್ಲಿ 1993ರ ಪಂಚಾಯತ್ ರಾಜ್ ಕಾಯ್ದೆ, ಇವೆರಡರ ಪ್ರಕಾರವೂ ಕಟ್ಟುವ ಮುನ್ನ ಅನುಮತಿ ಬೇಕು. ಹೊಲದಲ್ಲಿ ಮನೆ ಎಂದರೆ ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ಅನ್ಯಕ್ರಾಂತ ಆಗಬೇಕು. ರೈತ ತನ್ನ ಜಮೀನಿನಲ್ಲಿ ಕಟ್ಟಿಕೊಳ್ಳುವ ತೋಟದ ಮನೆಗೆ ವಿನಾಯಿತಿಯಿದೆ, ಆದರೆ ಅದೂ ಹಿಡುವಳಿಯ ಹತ್ತನೇ ಒಂದು ಭಾಗ ಮೀರಬಾರದು. ಎಷ್ಟು ಅಡಿ ಬಿಡಬೇಕು, ಎಷ್ಟು ಅಂತಸ್ತು ಏರಬಹುದು ಎಂಬುದನ್ನು ನಿವೇಶನದ ಅಳತೆ ಮತ್ತು ರಸ್ತೆಯ ಅಗಲ ನಿರ್ಧರಿಸುತ್ತವೆ. 1882ರ ಈಸ್‌ಮೆಂಟ್ ಕಾಯ್ದೆಯಂತೂ ಇನ್ನೂ ಸೂಕ್ಷ್ಮ: ಒಂದು ಕಟ್ಟಡಕ್ಕೆ ಇಪ್ಪತ್ತು ವರ್ಷ ತಡೆಯಿಲ್ಲದೆ, ತಂಟೆಯಿಲ್ಲದೆ ಬಂದ ಗಾಳಿ ಬೆಳಕು ಆ ಕಟ್ಟಡದ ಹಕ್ಕಾಗುತ್ತದೆ. ಹಳೆಯ ತೊಟ್ಟಿಮನೆಗಳಲ್ಲಿ ಆಕಾಶಕ್ಕೆ ತೆರೆದ ಜಾಗ ಮನೆಯ ನಡುವೆಯೇ ಇತ್ತು. ಮಳೆ, ಬಿಸಿಲು, ಬೆಳದಿಂಗಳು ಎಲ್ಲ ಅಲ್ಲಿಗೆ ಇಳಿಯುತ್ತಿದ್ದವು. ತೊಟ್ಟಿಗೆ ಮೋಲ್ಡ್ ಹಾಕಿ ಮುಚ್ಚಿದ ಮೇಲೆ ಮನೆ ಉಸಿರಾಡಬೇಕಾದದ್ದು ಸುತ್ತಲಿನ ಜಾಗದಿಂದ, ಮತ್ತು ಆ ಜಾಗದಿಂದಲೇ ಪಕ್ಕದ ಮನೆಯೂ ಉಸಿರಾಡುತ್ತದೆ.

‘ನನ್ನ ಜಾಗ, ನಾನು ಏನಾದರೂ ಮಾಡಿಕೊಳ್ಳುತ್ತೇನೆ’ ಎಂಬ ಮಾತನ್ನು ಅತ್ಯಂತ ಗಂಭೀರವಾಗಿ ವಿಚಾರಣೆಗೆ ಒಳಪಡಿಸಿದ ಜಾಗ ಹೊಳೆನರಸೀಪುರ. ಹೇಮಾವತಿ ದಂಡೆಯ ಈ ಊರಿಗೆ 1937ರಲ್ಲಿ ಅಧ್ಯಾತ್ಮ ಪ್ರಕಾಶ ಕಾರ್ಯಾಲಯ ಬಂದು ನೆಲೆಸಿತು. ಅದನ್ನು ಕಟ್ಟಿದವರು ಮುಂದೆ ಸಚ್ಚಿದಾನಂದೇಂದ್ರ ಸರಸ್ವತೀ ಸ್ವಾಮಿಗಳೆಂದು ಪ್ರಸಿದ್ಧರಾದ ವೈ. ಸುಬ್ರಹ್ಮಣ್ಯ ಶರ್ಮರು. 1880ರಲ್ಲಿ ಹುಟ್ಟಿ 1975ರವರೆಗೆ ಬದುಕಿದ ಅವರು ಶಂಕರ ಭಾಷ್ಯಗಳನ್ನು ಕನ್ನಡಕ್ಕೆ ತಂದರು. ಅವಿದ್ಯೆ ಎಂದರೇನು ಎಂಬ ಪ್ರಶ್ನೆಯಲ್ಲಿ ಬಹುಕಾಲದ ಪಂಡಿತಮತವನ್ನೇ ಎದುರು ಹಾಕಿಕೊಂಡರು. ಜಗತ್ತಿನ ಹಿಂದೆ ಮೂಲಾವಿದ್ಯೆ ಎಂಬ ಒಂದು ವಸ್ತು ಅಡಗಿದೆ ಎಂಬುದನ್ನು ಅವರು ಒಪ್ಪಲಿಲ್ಲ. ತಾನಲ್ಲದ್ದನ್ನು ತಾನು ಎನ್ನುವುದು, ತನ್ನದಲ್ಲದ್ದನ್ನು ತನ್ನದು ಎನ್ನುವುದು, ಈ ದಿನನಿತ್ಯದ ಬೆರಕೆಯೇ, ಅಂದರೆ ಅಧ್ಯಾಸವೇ ಅವಿದ್ಯೆ. ಅದರ ಹಿಂದೆ ಬೇರೇನೂ ಇಲ್ಲ ಎಂಬುದು ಅವರ ವಾದ.

ಇದು ಪಂಡಿತರ ಜಗಳವಷ್ಟೇ ಎಂದುಕೊಂಡರೆ ತಪ್ಪಾಗುತ್ತದೆ. ಹೆಂಡತಿ ಮಕ್ಕಳಿಗೆ ಕೊರತೆಯಾದರೆ ತನಗೇ ಕೊರತೆಯಾಯಿತು ಎಂದು ಮನುಷ್ಯ ನೋಯುವುದನ್ನು ಶಂಕರರು ಅಧ್ಯಾಸಕ್ಕೆ ಉದಾಹರಣೆಯಾಗಿ ಕೊಡುತ್ತಾರೆ. ಆ ಸಾಲಿಗೆ ಮನೆಯನ್ನು ಸೇರಿಸಿದರೆ ಏನೂ ಕೃತಕವೆನಿಸುವುದಿಲ್ಲ. ಹೊಸದಾಗಿ ಬಳಿದ ಗೋಡೆಗೆ ಯಾರೋ ಸೈಕಲ್ ಒರಗಿಸಿದರೆ ಮೈಗೇ ಗೀರಿದಂತಾಗುತ್ತದೆ. ಪಕ್ಕದವರು ಮೂರನೇ ಅಂತಸ್ತು ಏರಿಸಿದರೆ ತಾನು ಗಿಡ್ಡನಾದೆ ಎನಿಸುತ್ತದೆ. ಪತ್ರವೋ ಬ್ಯಾಂಕಿನ ಬೀರುವಿನಲ್ಲಿರುತ್ತದೆ, ಇಪ್ಪತ್ತು ವರ್ಷ ಕಂತು ತೀರಬೇಕು. ಆದರೂ ‘ನನ್ನದು’ ಎಂಬ ಭಾವಕ್ಕೆ ಒಂದು ದಿನದ ಬಾಕಿಯೂ ಇರುವುದಿಲ್ಲ. ಹಾಗೆಂದು, ಎಲ್ಲವೂ ಮಿಥ್ಯೆ ಅಂದಮೇಲೆ ಪಕ್ಕದವನ ಗಡಿಯೂ ಮಿಥ್ಯೆ ಎಂದು ಎರಡಡಿ ಒತ್ತಿಕೊಳ್ಳುವವನಿಗೆ ಅದ್ವೈತದಲ್ಲಿ ಆಸರೆ ಸಿಗುವುದಿಲ್ಲ. ವ್ಯವಹಾರದಲ್ಲಿ ಇರುವಷ್ಟು ಕಾಲ ವ್ಯವಹಾರದ ಧರ್ಮ ಪೂರ್ತಿ ಅನ್ವಯಿಸುತ್ತದೆ. ‘ನನ್ನದು’ ಸಡಿಲವಾದರೆ ಮೊದಲು ಸಡಿಲವಾಗಬೇಕಾದದ್ದು ತನ್ನ ಹಿಡಿತ; ಇನ್ನೊಬ್ಬನ ಹಕ್ಕಲ್ಲ.

ಎಷ್ಟು ಸಾಕು ಎಂಬ ಪ್ರಶ್ನೆಗೆ ಲೆಕ್ಕದ ಉತ್ತರ ಕೇಳಿದ ಧರ್ಮ ಜೈನಧರ್ಮ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ದಿಗಂಬರ ಮುನಿಗಳಿಗೆ ಮನೆಯೇ ಇಲ್ಲ. ಗೃಹಸ್ಥರಿಗೆ ಆ ಕಠಿಣ ನಿಯಮವಿಲ್ಲ, ಅವರಿಗಿರುವುದು ಪರಿಗ್ರಹ ಪರಿಮಾಣ ಎಂಬ ಅಣುವ್ರತ. ಇಷ್ಟೇ ಸಾಕು ಎಂದು ತಾನೇ ಮಿತಿ ಹಾಕಿಕೊಂಡು ಅದನ್ನು ಮೀರದಿರುವುದು. ‘ತತ್ತ್ವಾರ್ಥಸೂತ್ರ’ದಲ್ಲಿ ಈ ವ್ರತಕ್ಕೆ ಬರುವ ಅತಿಚಾರಗಳ ಪಟ್ಟಿಯಲ್ಲಿ ಬೆಳ್ಳಿ ಬಂಗಾರಕ್ಕಿಂತ ಮೊದಲು ಬರುವುದು ಹೊಲ ಮತ್ತು ಮನೆ. ಇದರಲ್ಲಿ ಒಂದು ಜಾಣ್ಮೆಯಿದೆ. ಮಿತಿಯನ್ನು ಹೊರಗಿನವರು ಹೇರುವುದಿಲ್ಲ, ಆದರೆ ಒಮ್ಮೆ ಹಾಕಿಕೊಂಡ ಮೇಲೆ ಅನುಕೂಲ ನೋಡಿ ಹಿಗ್ಗಿಸುವಂತಿಲ್ಲ. ನೆಲ ಅಂತಸ್ತಿಗೆ ಪಾಯ ತೋಡಿ, ಕಂಬ ಎಬ್ಬಿಸುವಾಗ ‘ಮುಂದೆ ಬೇಕಾಗುತ್ತೆ’ ಎಂದು ಕಬ್ಬಿಣದ ತುದಿಗಳನ್ನು ಆಕಾಶಕ್ಕೆ ಬಿಟ್ಟ ತಾರಸಿಗಳನ್ನು ನೋಡಿದವರಿಗೆ ಈ ವ್ರತ ಎಷ್ಟು ಕಷ್ಟದ್ದು ಎಂದು ಬಿಡಿಸಿ ಹೇಳಬೇಕಿಲ್ಲ.

ಬಾಹುಬಲಿಯ ಕಥೆಯೇ ನೆಲದ ಕಥೆ. ಗೆದ್ದ ರಾಜ್ಯವನ್ನು ಅಣ್ಣ ಭರತನಿಗೆ ಬಿಟ್ಟು ವರ್ಷವಿಡೀ ನಿಂತು ತಪಸ್ಸು ಮಾಡಿದರೂ ಜ್ಞಾನ ದಕ್ಕಲಿಲ್ಲವಂತೆ. ತಾನು ನಿಂತ ನೆಲ ಭರತನದು ಎಂಬ ಮುಳ್ಳೊಂದು ಎದೆಯಲ್ಲಿ ಉಳಿದಿತ್ತು ಎಂದು ನಾಡಿನ ಜನ ಹೇಳಿಕೊಂಡು ಬಂದಿದ್ದಾರೆ. ಜ್ಞಾನಕ್ಕೆ ಅಡ್ಡಿಯಾಗಲು ಎರಡು ಪಾದ ಊರುವಷ್ಟು ಜಾಗದ ಒಡೆತನದ ಚಿಂತೆಯೂ ಸಾಕಾಗುತ್ತದೆ. ಚಾವುಂಡರಾಯ ಹತ್ತನೇ ಶತಮಾನದ ಕೊನೆಯಲ್ಲಿ ನಿಲ್ಲಿಸಿದ ಶ್ರವಣಬೆಳಗೊಳದ ಸುಮಾರು 58 ಅಡಿಯ ಬಾಹುಬಲಿ ಮೂರ್ತಿಗೆ ಹನ್ನೆರಡನೇ ಶತಮಾನದಲ್ಲಿ ಒಂದು ವಿಸ್ತರಣೆ ಆಯಿತು: ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜ ಸುತ್ತಾಲಯ ಕಟ್ಟಿಸಿದ. ಮೂರ್ತಿಯ ಪಕ್ಕದ ಶಾಸನ ಇದನ್ನು ದಾಖಲಿಸಿದೆ. ಹೊಯ್ಸಳರ ಶಿಲ್ಪಿಗಳಿಗೆ ಚಾವಣಿ ಕಟ್ಟುವುದು ಬರುತ್ತಿರಲಿಲ್ಲ ಎಂದು ಯಾರೂ ಹೇಳರು. ಅವರು ಸುತ್ತ ಕಟ್ಟಿ ಮೇಲೆ ಬಿಟ್ಟರು. ವಿಂಧ್ಯಗಿರಿಯ ಮೇಲೆ ನಿಂತು ನೋಡಿದರೆ ಆ ನಿರ್ಧಾರದ ಬೆಲೆ ತಿಳಿಯುತ್ತದೆ. ಮುಚ್ಚಿದ್ದರೆ ದೂರದ ಊರುಗಳಿಗೆ ಆ ಮುಖ ಕಾಣುತ್ತಲೇ ಇರಲಿಲ್ಲ.

ಆದರೆ ಬಿಡುವುದು ಎಲ್ಲರಿಗೂ ಒಂದೇ ಭಾರವಲ್ಲ, ಇದನ್ನು ಮರೆತ ಧರ್ಮೋಪದೇಶ ಕ್ರೂರವಾಗುತ್ತದೆ. ಲೆಕ್ಕಕ್ಕಾಗಿ ಸುತ್ತ ಮೂರಡಿ ಎಂದಿಟ್ಟುಕೊಳ್ಳಿ. 40×60 ಸೈಟಿನವರು 2400 ಚದರಡಿಯಲ್ಲಿ 564 ಕಳೆದುಕೊಳ್ಳುತ್ತಾರೆ, ಕಾಲು ಭಾಗಕ್ಕಿಂತ ಕಡಿಮೆ. 20×30 ಸೈಟಿನವರಿಗೆ 600ರಲ್ಲಿ ಉಳಿಯುವುದು 14×24, ಅಂದರೆ 336 ಚದರಡಿ. ಹೋದದ್ದು ಶೇ 44. ದೊಡ್ಡ ಸೈಟಿನವರು ಕೈತೋಟ ಮಾಡುವ ಜಾಗದಲ್ಲಿ ಸಣ್ಣ ಸೈಟಿನವರ ಒಂದು ಮಲಗುವ ಕೋಣೆ ಮಾಯವಾಗುತ್ತದೆ. ಅದಕ್ಕೇ ಸಣ್ಣ ನಿವೇಶನಗಳಿಗೆ ನಿಯಮ ಸಡಿಲವಿರುವುದು ನ್ಯಾಯ. ಗ್ರಾಮೀಣ ಪ್ರಧಾನಮಂತ್ರಿ ಆವಾಸ್ ಯೋಜನೆ ಒಂದು ಮನೆಗೆ ಕನಿಷ್ಠ 25 ಚದರ ಮೀಟರ್ ಎಂದು ಗೊತ್ತುಮಾಡಿ, ಬಯಲು ಸೀಮೆಯಲ್ಲಿ 1.20 ಲಕ್ಷ ರೂಪಾಯಿ ನೆರವು ಕೊಡುತ್ತದೆ. ಚದರಕ್ಕೆ, ಎಂದರೆ ನೂರು ಚದರಡಿಗೆ, ಎರಡು ಲಕ್ಷದ ಆಸುಪಾಸು ಹೇಳುವ ಕಂಟ್ರಾಕ್ಟರುಗಳ ಕಾಲದಲ್ಲಿ ಆ ದುಡ್ಡು ಎಲ್ಲಿಗೆ ಸಾಲುತ್ತದೆ? ಸಿಮೆಂಟಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 28ರಿಂದ 18ಕ್ಕೆ ಇಳಿದದ್ದು ಸ್ವಲ್ಪ ಉಸಿರು ಬಿಡುವಂತೆ ಮಾಡಿತು, ಅಷ್ಟೇ. ಕಬ್ಬಿಣ, ಎಂ-ಸ್ಯಾಂಡ್, ಗಾರೆಯವರ ಕೂಲಿ, ಬಾಗಿಲಿನ ಮರ, ಎಲ್ಲವೂ ತಮ್ಮ ತಮ್ಮ ದಾರಿಯಲ್ಲಿ ಏರುತ್ತಿರುತ್ತವೆ. ಮಿತಿಯ ಉಪದೇಶ ಮಾಡುವ ಮುನ್ನ ಕನಿಷ್ಠವನ್ನು ಖಾತರಿಪಡಿಸುವುದು ಸಮಾಜದ ಸಾಲ.

ಇನ್ನು ಕಟ್ಟಿ ಮುಗಿದ ತಪ್ಪಿನ ಮಾತು. ನಿಯಮ ಮೀರಿದ ವಸತಿ ಕಟ್ಟಡಗಳಲ್ಲಿ ಶೇ 50ರವರೆಗಿನ ಉಲ್ಲಂಘನೆಯನ್ನು ದುಡ್ಡು ಕಟ್ಟಿಸಿಕೊಂಡು ಸಕ್ರಮ ಮಾಡಲು ರಾಜ್ಯ ಹೊರಟಿತ್ತು. 2016ರ ಡಿಸೆಂಬರಿನಲ್ಲಿ ಹೈಕೋರ್ಟ್ ಆ ಅಕ್ರಮ-ಸಕ್ರಮ ಯೋಜನೆಯನ್ನು ಎತ್ತಿಹಿಡಿಯಿತು, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆಯಿತು. 2024ರ ಡಿಸೆಂಬರ್ 17ರಂದು ಉತ್ತರ ಪ್ರದೇಶದ ಪ್ರಕರಣವೊಂದರಲ್ಲಿ ಅದೇ ನ್ಯಾಯಾಲಯ, ಕಟ್ಟಡ ಪೂರ್ಣಗೊಂಡ ಪ್ರಮಾಣಪತ್ರ ಇಲ್ಲದೆ ನೀರು, ವಿದ್ಯುತ್ ಸಂಪರ್ಕ ಕೊಡಕೂಡದು ಎಂದು ದೇಶಕ್ಕೆಲ್ಲ ನಿರ್ದೇಶನ ಕೊಟ್ಟಿತು. ಕೋರ್ಟಿನ ಹಾದಿ ಏನೇ ಇರಲಿ, ಇದರೊಳಗೊಂದು ಹಳೆಯ ಧರ್ಮಜಿಜ್ಞಾಸೆ ಇದೆ. ತಪ್ಪಿಗೆ ದುಡ್ಡು ತೆತ್ತರೆ ತಪ್ಪು ಹೋಗುತ್ತದೆಯೇ? ಕಲ್ಯಾಣದಲ್ಲಿ ಕೂತು ‘ಮಿತಾಕ್ಷರ’ ಬರೆದ ವಿಜ್ಞಾನೇಶ್ವರನ ಪರಂಪರೆಯಲ್ಲಿ ದಂಡ ಬೇರೆ, ಪ್ರಾಯಶ್ಚಿತ್ತ ಬೇರೆ. ದಂಡ ರಾಜನಿಗೆ ಸಲ್ಲುತ್ತದೆ. ಪ್ರಾಯಶ್ಚಿತ್ತಕ್ಕೆ ಪಶ್ಚಾತ್ತಾಪ ಬೇಕು, ಇನ್ನು ಮಾಡೆನೆಂಬ ಸಂಕಲ್ಪ ಬೇಕು. ಸಕ್ರಮದ ಚಲನ್ ಖಜಾನೆಗೆ ಹೋಗುತ್ತದೆ. ಬೆಳಕು ಕಳೆದುಕೊಂಡ ಪಕ್ಕದ ಮನೆಯ ಮುದುಕಿಗೆ ಅದರಲ್ಲಿ ಒಂದು ಬಿಡಿಗಾಸೂ ಸೇರುವುದಿಲ್ಲ, ಬೆಳಕೂ ಮರಳುವುದಿಲ್ಲ. ತೊಂದರೆ ಅನುಭವಿಸಿದವರನ್ನು ಕೇಳದೆಯೇ ಕ್ಷಮಿಸಿಬಿಡುವ ಅಧಿಕಾರ ಯಾರಿಗಿದೆ ಎಂಬ ಪ್ರಶ್ನೆಯನ್ನು ಇಂಥ ಯೋಜನೆಗಳ ಚರ್ಚೆಯಲ್ಲಿ ಬಲವಾಗಿ ಎತ್ತಬೇಕಾಗಿತ್ತು.

ಮನುಷ್ಯರಲ್ಲದ ನೆರೆಯವರೂ ಇದ್ದಾರೆ. ಹಾಸನದ ಅಧಿದೇವತೆ ಹಾಸನಾಂಬೆ ಗರ್ಭಗುಡಿಯಲ್ಲಿ ಇರುವುದು ಹುತ್ತದ ರೂಪದಲ್ಲಿ. ಆಶ್ವಯುಜದಲ್ಲಿ ವರ್ಷಕ್ಕೊಮ್ಮೆ ಬಾಗಿಲು ತೆರೆದಾಗ ಲಕ್ಷಾಂತರ ಜನ ನಮಸ್ಕರಿಸುವುದು ಅದಕ್ಕೇ. ಆದರೆ ಸೈಟಿನಲ್ಲಿ ಹುತ್ತ ಕಂಡರೆ ಜೆಸಿಬಿ ಕರೆಸುವುದು ಒಂದು ಗಂಟೆಯ ಕೆಲಸ. ಮರ ಕಡಿಯುವ ಮುನ್ನ ಅದರಲ್ಲಿರುವ ಜೀವಿಗಳಿಗೆ ಪೂಜೆ ಸಲ್ಲಿಸಿ, ಬೇರೆಡೆ ನೆಲೆ ಮಾಡಿಕೊಳ್ಳಿ ಎಂದು ಬೇಡಿಕೊಳ್ಳುವ ವಿಧಿ ‘ಬೃಹತ್ಸಂಹಿತೆ’ಯಲ್ಲಿದೆ. ತೆಂಗಿನ ಸೀಮೆಯಾದ ಚನ್ನರಾಯಪಟ್ಟಣದ ಕಡೆ ಕೆಲವರು ಇದನ್ನು ಮಂತ್ರವಿಲ್ಲದೆ ಪಾಲಿಸುತ್ತಾರೆ: ಮುಂದಿನ ಪಡಸಾಲೆಗೆ ಶೀಟು ಹೊದಿಸುವಾಗ ಫಲ ಕೊಡುವ ತೆಂಗಿನ ಮರ ಅಡ್ಡ ಬಂದರೆ ಶೀಟಿನಲ್ಲಿ ದುಂಡಗೆ ಕತ್ತರಿಸಿ ಮರ ಹಾಯಲು ಬಿಡುತ್ತಾರೆ. ಮಳೆಗಾಲದಲ್ಲಿ ಆ ಸಂದಿನಿಂದ ನೀರು ಜಿನುಗುತ್ತದೆ, ಕೆಳಗೊಂದು ಬಕೆಟ್ ಇಡುತ್ತಾರೆ. ಅಡಿಪಾಯದಲ್ಲಿ ಪಂಚಲೋಹ, ನವರತ್ನ ಹಾಕಿಸುವುದಕ್ಕಿಂತ ಈ ಬಕೆಟ್ಟಿಗೆ ಹೆಚ್ಚು ಶ್ರದ್ಧೆ ಬೇಕಾಗುತ್ತದೆ.

ಅರಕಲಗೂಡಿನ ಕಡೆಯ ಹಳ್ಳಿಗಳಲ್ಲಿ ಗೋಡೆಯ ಪ್ರಶ್ನೆ ಬರುವುದು ಹೆಚ್ಚಾಗಿ ಪಾಲಾದಾಗ. ರಾಮನಾಥಪುರದ ಹರಾಜಿನಲ್ಲಿ ತಂಬಾಕಿಗೆ ಒಳ್ಳೆಯ ಬೆಲೆ ಸಿಕ್ಕ ವರ್ಷ, ಅಥವಾ ಶುಂಠಿ ಕೈಹಿಡಿದ ವರ್ಷ, ಅಣ್ಣತಮ್ಮಂದಿರಲ್ಲಿ ಒಬ್ಬ ಹಂಚಿನ ಮನೆ ಕೆಡವಿ ತನ್ನ ಪಾಲಿನಲ್ಲಿ ಆರ್‌ಸಿಸಿ ಎಬ್ಬಿಸುತ್ತಾನೆ. ಅಂಗಳದ ನಡುವೆ ಗೋಡೆ ಏಳುತ್ತದೆ. ಹೊಸ ಸಜ್ಜಾದ ನೀರು ತಮ್ಮನ ಹಂಚಿನ ಮೇಲೆ ಸುರಿಯುತ್ತದೆ, ಮನಸ್ತಾಪ ಕಚೇರಿ ಮೆಟ್ಟಿಲೇರುತ್ತದೆ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಸಮಪಾಲು ಕೊಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲೇ ತಂದಿತು, ಕೇಂದ್ರ 2005ರಲ್ಲಿ ತಂದಿತು. ಅಲ್ಲಿಗೆ ಆ ಮನೆಯ ಗೋಡೆಗಳಲ್ಲಿ ಅಕ್ಕತಂಗಿಯರ ಪಾಲೂ ಇದೆ ಎಂದಾಯಿತು. ಹಾಗಿದ್ದರೂ ಪಿತ್ರಾರ್ಜಿತ ಮನೆಯನ್ನು ವಿಸ್ತರಿಸುವಾಗ ಎಷ್ಟೋ ಕಡೆ ಅವರನ್ನು ಕರೆಯುವುದು ಗೃಹಪ್ರವೇಶಕ್ಕೆ ಹಾಲು ಉಕ್ಕಿಸಲು ಅಥವಾ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಲು. ನಕ್ಷೆ ಬಿಡಿಸುವ ದಿನ ಕರೆಯುವುದಿಲ್ಲ. ಸೀರೆ ಉಡಿಸಿ ಮಡಿಲು ತುಂಬಿ ಕಳಿಸಿದರೆ ಋಣ ತೀರಿತು ಎಂದುಕೊಳ್ಳುವ ಅಣ್ಣಂದಿರು, ಒಂದು ಸಂಜೆ ನಕ್ಷೆಯನ್ನು ಜಗುಲಿಯ ಮೇಲೆ ಹರಡಿ, ‘ನೀನು ಬಂದಾಗ ಇರೋಕೆ ಯಾವ ಕೋಣೆ ಬಿಡಲವ್ವಾ?’ ಎಂದು ತಂಗಿಯನ್ನು ಕೇಳುವುದಕ್ಕೆ ಯಾವ ಇಲಾಖೆಯ ಅನುಮತಿಯೂ ಬೇಕಿಲ್ಲ, ಯಾವ ಶುಲ್ಕವೂ ಇಲ್ಲ.